ಪೊಲೀಸ್, ಫೈರ್, ಆಂಬುಲೆನ್ಸ್ ವೈರ್‌ಲೆಸ್ ಬದಲಾಯಿಸೋ ಪ್ರಾಜೆಕ್ಟ್ ಕೈಗೆ ಬಂದಿದೆ, ಟೆಂಡರ್‌ಗೆ ಮುಂಚೆ ಏನೇನು ನೋಡ್ಬೇಕು?

ಹೊಸಹೊಣೆ:
ಎಲ್ರಿಗೂ ನಮಸ್ಕಾರ. ನಾನು ಸ್ಥಳೀಯ ಆಡಳಿತದ ಐಟಿ ವಿಭಾಗದಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಇಷ್ಟು ದಿನ ಸಾಫ್ಟ್‌ವೇರ್, ನೆಟ್‌ವರ್ಕ್ ಅಂತ ಮಾಡ್ಕೊಂಡಿದ್ದೋಳಿಗೆ ಈಗ ಪೊಲೀಸ್, ಫೈರ್, ಆಂಬುಲೆನ್ಸ್ ಮೂರೂ ಬಳಸೋ ವೈರ್‌ಲೆಸ್ ಸಿಸ್ಟಮ್ ಪೂರ್ತಿ ಬದಲಾಯಿಸೋ ಕೆಲಸ ವಹಿಸಿದಾರೆ. ಈಗಿರೋದು ಹಳೇ ಅನಲಾಗ್. ಬಿಡಿಭಾಗ ಸಿಗಲ್ಲ, ಒಂದು ರಿಪೀಟರ್ (ಸಿಗ್ನಲ್ ಹಿಡಿದು ಬಲ ಹೆಚ್ಚಿಸಿ ಮತ್ತೆ ಬಿಡೋ ಯಂತ್ರ) ಕೆಟ್ರೆ ಮೂಲೇಲಿ ಬಿದ್ದಿರೋ ಇನ್ನೊಂದರ ಬೋರ್ಡ್ ಕಿತ್ತು ಹಾಕ್ತಾರೆ, ಹಿಂಗೇ ನಡೀತಿದೆ.

ಬಂದ ಪ್ರತಿ ಕಂಪನಿಯವರೂ ಬಣ್ಣದ ಮ್ಯಾಪ್ ತೋರಿಸ್ತಾರೆ, ಎಲ್ಲಾ ಕಡೆ ಹಸಿರು, ಎಲ್ರದ್ದೂ 95% ಕವರೇಜ್. ಮೇಲಿನವರು ಹೇಳೋದು ಬಜೆಟ್ ವರ್ಷ ಮುಗಿಯೋದ್ರೊಳಗೆ ಹ್ಯಾಂಡ್‌ಸೆಟ್ ಆದ್ರೂ ಖರೀದಿ ಮಾಡಿಬಿಡಿ ಅಂತ. ನಂಗೆ ರೇಡಿಯೋ ಗೊತ್ತಿಲ್ಲ, ಆದ್ರೆ ಇದು ಲ್ಯಾಪ್‌ಟಾಪ್ ಖರೀದಿ ಥರ ಅಲ್ಲ ಅನ್ನೋದು ಅರ್ಥ ಆಗ್ತಿದೆ. ಮಾಡಿದವ್ರು ಯಾರಾದ್ರೂ ಇದ್ರೆ ದಯವಿಟ್ಟು ವಿವರವಾಗಿ ಹೇಳಿ, ಎಷ್ಟು ಉದ್ದ ಬರೆದ್ರೂ ಓದ್ತೀನಿ.

ಟವರ್ ಕೆಲಸದವ:
ಮೇಡಂ, ಮೊದಲು ಹ್ಯಾಂಡ್‌ಸೆಟ್ ಖರೀದಿ ನಿಲ್ಲಿಸಿ. ಸಿಸ್ಟಮ್ ಯಾವ ಬ್ಯಾಂಡು, ಯಾವ ಸ್ಟ್ಯಾಂಡರ್ಡು ಅಂತ ತೀರ್ಮಾನ ಆಗೋಕೆ ಮುಂಚೆ ಸೆಟ್ ಕೊಂಡ್ರೆ ಆಮೇಲೆ ಟೆಂಡರ್ ಅನ್ನೋದು ಹೆಸರಿಗಷ್ಟೇ, ಸೆಟ್ ಮಾರಿದವನಿಗೇ ಟವರೂ ಹೋಗುತ್ತೆ.

ಇನ್ನು ಆ 95%. ಯಾವುದರ 95%, ಯಾರ ಕೈಲಿರೋ ಸೆಟ್‌ಗೆ, ಎಲ್ಲಿ ನಿಂತಾಗ, ಯಾವ ದಿಕ್ಕಿಗೆ? ಇಷ್ಟೂ ಪ್ರಶ್ನೆಗೆ ಉತ್ತರ ಇಲ್ದೆ ಆ ನಂಬರ್‌ಗೆ ಅರ್ಥವೇ ಇಲ್ಲ. ಗಾಡಿ ಮೇಲಿನ ಆಂಟೆನಾ ಲೆಕ್ಕದಲ್ಲಿ 95% ಕೊಡೋದು ಸುಲಭ. ಅದೇ ಸೆಟ್ಟು ಸೊಂಟದ ಬೆಲ್ಟಲ್ಲಿದ್ದು ಮಾತಾಡೋದು ಭುಜದ ಮೈಕಲ್ಲಿ ಅಂದ್ರೆ ಮೈಯೇ ಸಿಗ್ನಲ್ ತಿನ್ನುತ್ತೆ, ಸುಮಾರು 10 ಡೆಸಿಬೆಲ್ ಹೋಯ್ತು ಅಂದ್ರೆ ಪವರ್ ಹತ್ತರಲ್ಲಿ ಒಂದು ಭಾಗಕ್ಕೆ ಇಳೀತು. ಅದರ ಮೇಲೆ ಕಾಂಕ್ರೀಟ್ ಕಟ್ಟಡದೊಳಗೆ ಹೋದ್ರೆ ಇನ್ನೊಂದು 20 ಡೆಸಿಬೆಲ್, ಅಂದ್ರೆ ಉಳಿದಿದ್ದರಲ್ಲಿ ನೂರನೇ ಒಂದು ಭಾಗ. ಈಗಿನ ಕಟ್ಟಡಗಳಲ್ಲಿ ಬಿಸಿಲು ತಡೆಯೋಕೆ ಲೋಹದ ತೆಳು ಲೇಪನ ಇರೋ ಗಾಜು ಹಾಕ್ತಾರಲ್ಲ, ಅದು ರೇಡಿಯೋಗೂ ಗೋಡೆನೇ.

ದಿಕ್ಕಿನ ವಿಷಯ ಇನ್ನೂ ಮುಖ್ಯ. ಟವರ್‌ನಿಂದ ಹೊರಡೋದು 100 ವ್ಯಾಟ್ ಇರಬಹುದು, ಕೈಯಲ್ಲಿರೋ ಸೆಟ್ 800 ಮೆಗಾಹರ್ಟ್ಸ್‌ನಲ್ಲಿ 3 ವ್ಯಾಟ್, ಅದಕ್ಕಿಂತ ಕಡಿಮೆ ಫ್ರೀಕ್ವೆನ್ಸಿಯ ವಿಎಚ್‌ಎಫ್ ಬ್ಯಾಂಡ್‌ನಲ್ಲಿ 5 ವ್ಯಾಟ್. ಹಾಗಾಗಿ ಕಂಟ್ರೋಲ್ ರೂಮ್ ಹೇಳೋದು ಸಿಬ್ಬಂದಿಗೆ ಚೆನ್ನಾಗಿ ಕೇಳ್ಸುತ್ತೆ, ಆದ್ರೆ ಅವನು ಸಹಾಯ ಬೇಕು ಅಂತ ಕೂಗಿದ್ದು ಟವರ್‌ಗೆ ಮುಟ್ಟಲ್ಲ. ಕಂಪನಿ ಮ್ಯಾಪ್ ತೋರಿಸಿದ್ರೆ ಕೈ ಸೆಟ್‌ನಿಂದ ಟವರ್ ಕಡೆಗಿನ ಮ್ಯಾಪ್ ಬೇರೆ ಕೇಳಿ, ಹಸಿರು ಎಷ್ಟು ಕಮ್ಮಿಯಾಗುತ್ತೆ ನೋಡಿ.

ಸಿಗ್ನಲ್ ಅಲ್ಲ, ಮಾತು ಅರ್ಥ ಆಗೋದು ಮುಖ್ಯ ಅನ್ನೋಕೆ ಡಿಎಕ್ಯೂ ಅಂತ 1ರಿಂದ 5ರವರೆಗೆ ಒಂದು ಅಳತೆ ಇದೆ. 3 ಅಂದ್ರೆ ಸ್ವಲ್ಪ ಕಷ್ಟಪಟ್ರೆ ಅರ್ಥ ಆಗುತ್ತೆ, ಆಗಾಗ ಇನ್ನೊಂದ್ಸಲ ಹೇಳಿಸ್ಬೇಕು. 3.4 ಅಂದ್ರೆ ಸದ್ದು ಇದ್ರೂ ಅರ್ಥ ಆಗುತ್ತೆ, ಮತ್ತೆ ಹೇಳಿಸೋದು ಅಪರೂಪ. ಪಬ್ಲಿಕ್ ಸೇಫ್ಟಿ ಕರಾರುಗಳಲ್ಲಿ ಸಾಮಾನ್ಯವಾಗಿ 3.4 ಕೇಳ್ತಾರೆ. ನಿಮ್ಮ ದಾಖಲೆಯಲ್ಲಿ ವಾಕ್ಯ ಹೀಗಿರ್ಲಿ: ಸೊಂಟದಲ್ಲಿರೋ ಕೈ ಸೆಟ್, ಇಂಥಿಂಥ ಪ್ರದೇಶದ ಕಟ್ಟಡದೊಳಗೆ ಇಷ್ಟು ಡೆಸಿಬೆಲ್ ನಷ್ಟ ಹಿಡಿದು, ಎರಡೂ ದಿಕ್ಕಲ್ಲಿ, 95% ಜಾಗದಲ್ಲಿ ಡಿಎಕ್ಯೂ 3.4. ಈ ಒಂದು ವಾಕ್ಯ ಬದಲಾದ್ರೆ ಟವರ್ ಸಂಖ್ಯೆ ಬದಲಾಗುತ್ತೆ, ಪೂರ್ತಿ ಪ್ರಾಜೆಕ್ಟ್ ದುಡ್ಡೂ ಬದಲಾಗುತ್ತೆ. ಅದನ್ನ ಬರೆಯೋದು ನೀವಾಗಿರ್ಬೇಕು, ಮಾರೋ ಕಂಪನಿ ಅಲ್ಲ.

ಏಣಿಗಾಡಿ:
ಟವರ್ ಕೆಲಸದವರು ಹೇಳಿದ್ದು ಅಕ್ಷರಶಃ ನಿಜ. ನಾನು ಫೈರ್ ಸರ್ವಿಸ್‌ನವನು, ಸೆಟ್ ಬಳಸೋ ಕಡೆಯಿಂದ ಹೇಳ್ತೀನಿ.

ನಮಗೆ ಕೆಲಸ ಇರೋದೇ ನೆಲಮಾಳಿಗೆ, ಮೆಟ್ಟಿಲು ಗೂಡು, ಲಿಫ್ಟ್ ಶಾಫ್ಟು, ಗೋಡೌನ್ ಒಳಗೆ. ರಸ್ತೆ ಮೇಲೆ ನಿಂತಾಗ ಸಿಗೋ ಸಿಗ್ನಲ್‌ನಿಂದ ನಮಗೇನೂ ಪ್ರಯೋಜನ ಇಲ್ಲ. ಅದಕ್ಕೇ ಬೆಂಕಿ ಬಿದ್ದ ಜಾಗದಲ್ಲಿ ಒಳಗಿನವನು ಮತ್ತು ಬಾಗಿಲಲ್ಲಿ ನಿಂತ ಕಮಾಂಡರ್ ನಡುವೆ ಟವರ್ ಮೇಲೆ ಅವಲಂಬಿಸದ ನೇರ ಚಾನೆಲ್ ಬೇಕೇ ಬೇಕು, ಸಿಂಪ್ಲೆಕ್ಸ್ ಅನ್ನಿ, ಟೆಟ್ರಾ ಅನ್ನೋ ಡಿಜಿಟಲ್ ರೇಡಿಯೋ ಸ್ಟ್ಯಾಂಡರ್ಡ್‌ನವ್ರು ಡಿಎಂಒ ಅಂತಾರೆ. ಟ್ರಂಕಿಂಗ್ ಸಿಸ್ಟಮ್‌ನಲ್ಲಿ (ಬಟನ್ ಒತ್ತಿದಾಗ ಖಾಲಿ ಇರೋ ಚಾನೆಲನ್ನ ಕಂಪ್ಯೂಟರೇ ಹಂಚೋ ಪದ್ಧತಿ) ಸೆಟ್ಟಿಗೆ ಟವರ್ ಸಿಗದಿದ್ರೆ ಬಟನ್ ಒತ್ತಿದ ಕೂಡ್ಲೇ ಒಂದು ತಿರಸ್ಕಾರದ ಟೋನ್ ಬರುತ್ತೆ ಅಷ್ಟೇ, ಹತ್ತು ಅಡಿ ದೂರದಲ್ಲಿರೋ ಜೊತೆಗಾರನಿಗೂ ಕೇಳ್ಸಲ್ಲ.

ಇನ್ನೊಂದು, ಡಿಜಿಟಲ್ ಅಂದ ಕೂಡ್ಲೇ ಎಲ್ಲಾ ಸ್ಪಷ್ಟ ಅಂತ ನಂಬಬೇಡಿ. ಡಿಜಿಟಲ್ ಸೆಟ್ಟಿನ ವೊಕೋಡರ್, ಅಂದ್ರೆ ಮಾತನ್ನ ಡಿಜಿಟಲ್ ಕೋಡ್‌ಗೆ ಇಳಿಸೋ ಭಾಗ, ಮನುಷ್ಯನ ದನಿಗೆ ಅಂತ ಮಾಡಿರೋದು, ಪಕ್ಕದಲ್ಲಿ ಚೈನ್ ಗರಗಸ, ಪಂಪು, ಉಸಿರಾಟದ ಮಾಸ್ಕಿನ ಎಚ್ಚರಿಕೆ ಗಂಟೆ ಇದ್ರೆ ಅದು ಯಾವುದು ಮಾತು ಯಾವುದು ಸದ್ದು ಅಂತ ಗೊಂದಲ ಆಗಿ ಎರಡನ್ನೂ ಕಲಸಿಬಿಡುತ್ತೆ. ಅಮೆರಿಕದ ಎನ್‌ಟಿಐಎ ಅನ್ನೋ ಸರ್ಕಾರಿ ದೂರಸಂಪರ್ಕ ಸಂಸ್ಥೆ 2008ರಲ್ಲಿ ಇದನ್ನೇ ಪರೀಕ್ಷೆ ಮಾಡ್ತು, ಅಗ್ನಿಶಾಮಕರ ಮಾಸ್ಕು ಮತ್ತು ಬೆಂಕಿ ಜಾಗದ ಸದ್ದುಗಳನ್ನ ಇಟ್ಟು, ಕೆಲವು ಸದ್ದಿನಲ್ಲಿ ಡಿಜಿಟಲ್ ಮಾತು ಅನಲಾಗ್‌ಗಿಂತ ಕಡಿಮೆ ಅರ್ಥ ಆಯ್ತು. ಆಮೇಲೆ ವೊಕೋಡರು, ಮೈಕಿನ ಸದ್ದು ಕಳೆಯೋ ವ್ಯವಸ್ಥೆ ಸುಧಾರಿಸಿವೆ, ಆದ್ರೂ ನಿಮ್ಮ ಸಿಬ್ಬಂದಿ ಮಾಸ್ಕ್ ಹಾಕ್ಕೊಂಡು, ಗ್ಲೌಸ್ ಹಾಕ್ಕೊಂಡು, ಪಂಪ್ ಆನ್ ಮಾಡಿ ಮಾತಾಡಿ ನೋಡ್ದೆ ಯಾವ ಸೆಟ್ಟನ್ನೂ ಒಪ್ಪಬೇಡಿ. ಗ್ಲೌಸ್ ಕೈಲಿ ಚಾನೆಲ್ ನಾಬ್ ತಿರುಗುತ್ತಾ, ಎಮರ್ಜೆನ್ಸಿ ಬಟನ್ ಕತ್ತಲಲ್ಲಿ ಬೆರಳಿಗೆ ಸಿಗುತ್ತಾ, ಇದೆಲ್ಲ ಆಫೀಸಲ್ಲಿ ಕೂತು ಸ್ಪೆಸಿಫಿಕೇಶನ್ ಶೀಟ್ ಓದಿದ್ರೆ ಗೊತ್ತಾಗಲ್ಲ.

2001ರ ಸೆಪ್ಟೆಂಬರ್ 11ರ ವಿಷಯ ಓದಿ ಮೇಡಂ. 1993ರ ಬಾಂಬ್ ಸ್ಫೋಟದಲ್ಲಿ ರೇಡಿಯೋ ಕೈಕೊಟ್ಟಿದ್ದಕ್ಕೆ ವರ್ಲ್ಡ್ ಟ್ರೇಡ್ ಸೆಂಟರ್‌ಗೆ ಅಂತಲೇ ರಿಪೀಟರ್ ಹಾಕಿದ್ರು. ಆವತ್ತು ಅದು ಕೆಲಸ ಮಾಡ್ತಿತ್ತು. ಆದ್ರೆ ಲಾಬಿಯಲ್ಲಿದ್ದ ಹ್ಯಾಂಡ್‌ಸೆಟ್ ಚಾಲೂ ಆಗ್ಬೇಕಾದ್ರೆ ಒತ್ತಬೇಕಿದ್ದ ಎರಡನೇ ಬಟನ್ ಒತ್ತಿರಲಿಲ್ಲ, ಟೆಸ್ಟ್ ಮಾಡಿದ ಚೀಫ್‌ಗಳು ಕೇಳಿಸ್ತಿಲ್ಲ ಅಂತ ಉತ್ತರ ಗೋಪುರದಲ್ಲಿ ಆ ಚಾನೆಲ್ ಬಿಟ್ರು. ತನಿಖಾ ಆಯೋಗದ 2004ರ ವರದಿಯಲ್ಲಿ ಇದೆಲ್ಲ ಇದೆ. ಉಪಕರಣ ಇತ್ತು, ದುಡ್ಡು ಖರ್ಚಾಗಿತ್ತು. ಅದನ್ನ ಬಳಸೋ ರೀತಿ ಜನರ ಕೈಗೆ ಬಂದಿರಲಿಲ್ಲ. ನಿಮ್ಮ ಪ್ರಾಜೆಕ್ಟ್‌ನಲ್ಲಿ ತರಬೇತಿ ಅಂತ ಕೊನೇಲಿ ಒಂದು ಸಾಲು ಇರುತ್ತೆ ನೋಡಿ, ಬಜೆಟ್ ಕಮ್ಮಿಯಾದ್ರೆ ಮೊದಲು ಕತ್ತರಿ ಬೀಳೋದು ಅಲ್ಲಿಗೇ.

ಹೊಸಹೊಣೆ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಎರಡೂ ದಿಕ್ಕಿನ ಮ್ಯಾಪ್ ಬೇಕು ಅಂತ ಇವತ್ತೇ ಎಲ್ಲಾ ಕಂಪನಿಗೂ ಮೇಲ್ ಹಾಕ್ತೀನಿ. ಆದ್ರೆ ಎಲ್ಲಾ ಕಟ್ಟಡದೊಳಗೂ ಸಿಗ್ಬೇಕು ಅಂದ್ರೆ ಟವರ್ ಎಷ್ಟು ಹಾಕ್ಬೇಕಾಗುತ್ತೋ, ದುಡ್ಡು ಎಲ್ಲಿಂದ ತರೋದು?

ಬಿಡ್ ಬರೆದವ:
ನಾನು ಹಲವು ವರ್ಷ ಮಾರೋ ಕಂಪನಿ ಕಡೆ ಇದ್ದವನು, ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಮೇಲಿನ ಡಿಎಕ್ಯೂ 3.4ರ ವಾಕ್ಯವನ್ನ ಪೂರ್ತಿ ಪ್ರದೇಶಕ್ಕೆ ಹಾಕಿದ್ರೆ ಯಾವ ಆಡಳಿತಕ್ಕೂ ಭರಿಸೋಕಾಗಲ್ಲ. ಹೊಲ, ಕಾಡು, ಖಾಲಿ ಹೆದ್ದಾರಿ ಇರೋ ಕಡೆ ಕಾಂಕ್ರೀಟ್ ಕಟ್ಟಡದ ನಷ್ಟ ಲೆಕ್ಕ ಹಿಡಿಯೋದು ಯಾಕೆ? ಪ್ರದೇಶವನ್ನ ವಲಯ ಮಾಡಿ. ದಟ್ಟ ಕಟ್ಟಡಗಳ ವಲಯಕ್ಕೆ ಹೆಚ್ಚು ಡೆಸಿಬೆಲ್, ಮನೆಗಳ ವಲಯಕ್ಕೆ ಕಡಿಮೆ, ಹೊರವಲಯಕ್ಕೆ ಬಯಲಲ್ಲಿ ಕೈ ಸೆಟ್, ಇನ್ನೂ ದೂರಕ್ಕೆ ಗಾಡಿ ಸೆಟ್. ಎಲ್ಲಿ ಹೆಚ್ಚು ಕರೆ ಬರ್ತಾವೆ ಅಂತ ಕಂಟ್ರೋಲ್ ರೂಮ್ ದಾಖಲೆ ತೆಗೆದು ಅದರ ಮೇಲೆ ಗೆರೆ ಎಳೀರಿ.

ದೊಡ್ಡ ಕಟ್ಟಡ, ಸುರಂಗ, ಆಸ್ಪತ್ರೆಗಳ ಹೊಣೆ ಟವರ್ ಮೇಲೆ ಹಾಕಬೇಡಿ, ಅದು ಕಟ್ಟಡದ ಮಾಲೀಕರ ಹೊಣೆ ಆಗೋ ಹಾಗೆ ನಿಯಮ ತನ್ನಿ. ಅಮೆರಿಕದ ಇಂಟರ್‌ನ್ಯಾಷನಲ್ ಫೈರ್ ಕೋಡ್‌ನಲ್ಲಿ ಪ್ರತಿ ಮಹಡಿಯ 95% ಜಾಗದಲ್ಲಿ ಎಮರ್ಜೆನ್ಸಿ ರೇಡಿಯೋ ಕೆಲಸ ಮಾಡ್ಬೇಕು ಅಂತಿದೆ, ಇಲ್ಲ ಅಂದ್ರೆ ಮಾಲೀಕರೇ ಒಳಗೆ ಆಂಪ್ಲಿಫೈಯರ್, ಆಂಟೆನಾ ಜಾಲ ಹಾಕಿಸ್ಬೇಕು. ಆದ್ರೆ ಅದನ್ನ ನಿಮ್ಮ ರೇಡಿಯೋ ವಿಭಾಗದ ಅನುಮತಿ ಇಲ್ದೆ ಹಾಕೋಕೆ ಬಿಡಬೇಡಿ. ಸರಿಯಾಗಿ ಹೊಂದಿಸದ ಒಂದು ಆಂಪ್ಲಿಫೈಯರ್ ತನ್ನ ಸಿಗ್ನಲನ್ನ ತಾನೇ ಹಿಡಿದು ಊಳಿಡೋಕೆ ಶುರು ಮಾಡಿದ್ರೆ ಹತ್ತಿರದ ಟವರ್‌ನ ರಿಸೀವರ್‌ಗೆ ಗದ್ದಲ ತುಂಬಿ ಊರಿಗೆಲ್ಲಾ ತೊಂದ್ರೆ.

ಟವರ್ ಕೆಲಸದವ:
ವಲಯದ ಮಾತು ಒಪ್ತೀನಿ, ಅದು ಸರಿ. ಒಂದು ಸೇರಿಸ್ತೀನಿ, ಸರಾಸರಿ ತೆಗೆಯೋಕೆ ಬಿಡಬೇಡಿ. ಪ್ರತಿ ವಲಯಕ್ಕೂ 95% ಬೇರೆ ಬೇರೆ ಬರ್ಬೇಕು. ಇಲ್ಲಾಂದ್ರೆ ಬಯಲಲ್ಲಿ 99 ತಂದು ಪೇಟೆಯಲ್ಲಿ 80 ಇಟ್ಟು ಒಟ್ಟು ಪಾಸ್ ಅಂತಾರೆ.

ರಾತ್ರಿಪಾಳಿ ಕನ್ಸೋಲ್:
ಕಂಟ್ರೋಲ್ ರೂಮ್ ಕಡೆಯಿಂದ ಯಾರೂ ಬರೀಲಿಲ್ಲ, ಅದಕ್ಕೇ ಬರೀತಿದೀನಿ. ನಾನು ಡಿಸ್ಪ್ಯಾಚರ್. ಪ್ರಾಜೆಕ್ಟ್ ಸಭೆಗಳಲ್ಲಿ ಅಧಿಕಾರಿಗಳು ಇರ್ತಾರೆ, ಎಂಜಿನಿಯರ್ ಇರ್ತಾರೆ, ಹೆಡ್‌ಸೆಟ್ ಹಾಕ್ಕೊಂಡು ಕೂರೋ ನಾವಿರಲ್ಲ. ಕನ್ಸೋಲ್ ಬಂದ ದಿನ ಗೊತ್ತಾಗುತ್ತೆ, ಬೇಕಾದ ಗ್ರೂಪ್ ಮೂರನೇ ಸ್ಕ್ರೀನ್‌ನಲ್ಲಿ ಅಂತ.

ಟಾಕ್‌ಗ್ರೂಪ್, ಅಂದ್ರೆ ಒಟ್ಟಿಗೆ ಮಾತಾಡೋ ಗುಂಪುಗಳ ಪಟ್ಟಿ (ಫ್ಲೀಟ್‌ಮ್ಯಾಪ್ ಅಂತಾರೆ) ಮಾಡೋದು ತಾಂತ್ರಿಕ ಕೆಲಸ ಅಂತ ಕಂಪನಿಗೆ ಬಿಟ್ಟುಬಿಡ್ತಾರೆ ಮೇಡಂ, ಖಂಡಿತ ಬಿಡಬೇಡಿ. ಯಾರು ಯಾರ ಜೊತೆ ಮಾತಾಡ್ತಾರೆ, ದೊಡ್ಡ ಅನಾಹುತ ಆದ್ರೆ ಎಲ್ರೂ ಯಾವ ಗ್ರೂಪ್‌ಗೆ ಬರ್ತಾರೆ, ಪಕ್ಕದ ಆಡಳಿತದಿಂದ ಸಹಾಯಕ್ಕೆ ಬಂದ ಗಾಡಿ ಎಲ್ಲಿ ಕೇಳ್ಸುತ್ತೆ, ಇದೆಲ್ಲ ಕೆಲಸದ ರೀತಿಯ ಪ್ರಶ್ನೆ. ಡಿಜಿಟಲ್ ಟ್ರಂಕಿಂಗ್‌ನಲ್ಲಿ ಗ್ರೂಪ್ ಎಷ್ಟು ಬೇಕಾದ್ರೂ ಮಾಡ್ಬೋದು ಅಂತ ಪ್ರತಿ ವಿಭಾಗವೂ ಹತ್ತಾರು ಕೇಳುತ್ತೆ. ಕೊನೆಗೆ ಸಿಬ್ಬಂದಿ ಅರ್ಧ ಜನ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ, ಒಬ್ಬರಿಗೊಬ್ಬರು ಸಿಗಲ್ಲ. ಕಮ್ಮಿ ಇದ್ದಷ್ಟೂ ಒಳ್ಳೇದು, ಎಲ್ಲಾ ವಿಭಾಗದ ಸೆಟ್‌ನಲ್ಲೂ ಜಂಟಿ ಗ್ರೂಪ್‌ಗಳು ಒಂದೇ ಹೆಸರಲ್ಲಿ, ನಾಬ್‌ನ ಒಂದೇ ಸ್ಥಾನದಲ್ಲಿ ಇರ್ಲಿ.

ಮತ್ತೆ ಎಮರ್ಜೆನ್ಸಿ ಬಟನ್. ಅದು ಒತ್ತಿದಾಗ ಸೆಟ್ ಇದ್ದ ಗ್ರೂಪ್‌ನಲ್ಲೇ ಕೂಗುತ್ತಾ, ಬೇರೆ ಎಮರ್ಜೆನ್ಸಿ ಗ್ರೂಪ್‌ಗೆ ಹಾರುತ್ತಾ? ಯಾವ ಕನ್ಸೋಲ್‌ನಲ್ಲಿ ಅಲಾರಂ ಬರುತ್ತೆ, ಆ ಕನ್ಸೋಲ್‌ನವರು ಬೇರೆ ಕರೆಯಲ್ಲಿದ್ರೆ ಯಾರು ತಗೋತಾರೆ? ಸೆಟ್ ನಂಬರ್ ಬರುತ್ತೆ ಸರಿ, ಆ ನಂಬರ್ ಇವತ್ತು ಯಾರ ಕೈಲಿದೆ ಅಂತ ಪಾಳಿ ಶುರುವಾದಾಗ ದಾಖಲು ಆಗಿದ್ಯಾ? ಇದಕ್ಕೆ ಉತ್ತರ ಬರವಣಿಗೆಯಲ್ಲಿ ಇಲ್ಲದಿದ್ರೆ ಆ ಬಟನ್ ಇದ್ದೂ ಇಲ್ಲ.

ಹೊಸ ತಲೆಮಾರು:
ಒಂದು ಪ್ರಶ್ನೆ, ತಪ್ಪು ತಿಳ್ಕೋಬೇಡಿ. ಎಲ್ರ ಕೈಲೂ ಸ್ಮಾರ್ಟ್‌ಫೋನ್ ಇರೋವಾಗ ಈ ಟವರು, ಸ್ವಂತ ಫ್ರೀಕ್ವೆನ್ಸಿ ಎಲ್ಲಾ ಯಾಕೆ? ಪುಶ್ ಟು ಟಾಕ್ (ಬಟನ್ ಒತ್ತಿ ಮಾತಾಡೋ) ಆ್ಯಪ್ ಹಾಕಿದ್ರೆ ಗುಂಪು ಮಾತೂ ಆಯ್ತು, ಫೋಟೋ, ಲೊಕೇಶನ್ ಎಲ್ಲಾ ಬರುತ್ತೆ, ಖರ್ಚೂ ಕಮ್ಮಿ.

ಟವರ್ ಕೆಲಸದವ:
ಒಳ್ಳೆ ಪ್ರಶ್ನೆ, ನಿಮ್ಮ ಮೇಲಿನವರೂ ಇದನ್ನ ಕೇಳೇ ಕೇಳ್ತಾರೆ ಮೇಡಂ, ಉತ್ತರ ಇಟ್ಕೊಂಡಿರಿ.

ತಾಂತ್ರಿಕವಾಗಿ ಇದು ಹೊಸದಲ್ಲ, ಮೊಬೈಲ್ ಸ್ಟ್ಯಾಂಡರ್ಡ್ ಮಾಡೋ 3ಜಿಪಿಪಿ ಅನ್ನೋ ಒಕ್ಕೂಟ ತನ್ನ ರಿಲೀಸ್ 13ರಲ್ಲಿ, 2016ರಲ್ಲಿ, ಮಿಶನ್ ಕ್ರಿಟಿಕಲ್ ಪುಶ್ ಟು ಟಾಕ್ ಸ್ಟ್ಯಾಂಡರ್ಡ್ ತಂತು. ಅಮೆರಿಕದಲ್ಲಿ 2012ರ ಕಾನೂನಿನಿಂದ ತುರ್ತು ಸೇವೆಗಳಿಗೇ ಅಂತ ಫಸ್ಟ್‌ನೆಟ್ ಅನ್ನೋ ಮೊಬೈಲ್ ಜಾಲ ಹುಟ್ಟಿತು, ಬ್ಯಾಂಡ್ 14ರಲ್ಲಿ 20 ಮೆಗಾಹರ್ಟ್ಸ್ ಮೀಸಲು, 2017ರಲ್ಲಿ ಎಟಿ ಅಂಡ್ ಟಿ ಅನ್ನೋ ಮೊಬೈಲ್ ಕಂಪನಿ ಜೊತೆ ಒಪ್ಪಂದ ಆಯ್ತು. ಡೇಟಾ, ವಿಡಿಯೋ, ಮ್ಯಾಪ್‌ಗೆ ಅದು ಚೆನ್ನಾಗಿದೆ, ಬಳಸಿ. ಆದ್ರೆ ಹಳೇ ರೇಡಿಯೋ ಕಿತ್ತು ಎಲ್ಲಾ ಅದಕ್ಕೇ ಹಾಕ್ತೀನಿ ಅನ್ನೋರು ಬ್ರಿಟನ್ ನೋಡ್ಬೇಕು. ಅಲ್ಲಿ ಏರ್‌ವೇವ್ ಅನ್ನೋ ಟೆಟ್ರಾ ಜಾಲದ ಬದಲು 4ಜಿ ಮೇಲಿನ ಎಮರ್ಜೆನ್ಸಿ ಸರ್ವಿಸಸ್ ನೆಟ್‌ವರ್ಕ್ ತರ್ತೀವಿ ಅಂತ 2015ರಲ್ಲಿ ಒಪ್ಪಂದ ಮಾಡಿ, 2019ರ ಕೊನೆಗೆ ಹಳೇದು ಮುಚ್ಚೋ ಲೆಕ್ಕ ಹಾಕಿದ್ರು. ಆ ಗಡುವು ದಾಟಿ ಎಷ್ಟೋ ವರ್ಷ ಏರ್‌ವೇವ್‌ನೇ ನಡೆಸ್ಬೇಕಾಗಿ ಬಂತು, ಎರಡೂ ಕಡೆ ದುಡ್ಡು.

ಕಾರಣ ಸಣ್ಣದಲ್ಲ. ಮೊಬೈಲ್ ಟವರ್‌ಗಳಲ್ಲಿ ಬ್ಯಾಟರಿ ಬ್ಯಾಕಪ್ ಎಷ್ಟೋ ಕಡೆ ಕೆಲವೇ ಗಂಟೆ, ನಿಮ್ಮ ಸೈಟಲ್ಲಿ ಬ್ಯಾಟರಿ ಜೊತೆ ಜನರೇಟರ್, ದಿನಗಟ್ಟಲೆಗೆ ಡೀಸೆಲ್ ಇಡೋದು ನಿಮ್ಮ ಕೈಲಿದೆ. ಜೊತೆಗೆ ಆ ಡೀಸೆಲ್ ತುಂಬಿಸೋ ದಾರಿನೂ ಯೋಚಿಸಿ, 2005ರ ಕತ್ರಿನಾ ಚಂಡಮಾರುತದಲ್ಲಿ ನೀರು ನಿಂತು ಜನರೇಟರ್‌ಗಳಿಗೆ ಇಂಧನ ತಲುಪಿಸೋಕೇ ಆಗದೆ ಬಿರುಗಾಳಿ ತಡೆದುಕೊಂಡ ಸೈಟ್‌ಗಳೂ ಸತ್ತೋದ್ವು. ಇನ್ನು ಟವರ್ ಪೂರ್ತಿ ಹೋದಾಗ ಸೆಟ್‌ನಿಂದ ಸೆಟ್‌ಗೆ ನೇರ ಮಾತು, ಏಣಿಗಾಡಿಯವರು ಹೇಳಿದ್ದು, ಅದರಲ್ಲಿ ರೇಡಿಯೋ ಮುಂದೆ ಫೋನ್ ಇನ್ನೂ ನಿಲ್ಲಲ್ಲ.

ಹೊಸ ತಲೆಮಾರು:
ಅರ್ಥ ಆಯ್ತು ಸರ್. ನೇರ ಮಾತಿನ ವಿಷಯ ನಂಗೆ ಹೊಳೆದೇ ಇರ್ಲಿಲ್ಲ.

ಲೆಕ್ಕದಮನೆ:
ದುಡ್ಡಿನ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ನಾನು ಹಣಕಾಸು ವಿಭಾಗದಲ್ಲಿದೀನಿ, ಇಂಥ ಫೈಲ್ ನನ್ನ ಮುಂದೆ ಬಂದಾಗ ನಾನು ಕೇಳೋ ಮೊದಲ ಪ್ರಶ್ನೆ ಹತ್ತನೇ ವರ್ಷದಲ್ಲಿ ಏನಾಗುತ್ತೆ ಅಂತ.

ಟವರು, ಶೆಲ್ಟರ್ ಇಪ್ಪತ್ತು ವರ್ಷ ದಾಟುತ್ತೆ, ರಿಪೀಟರ್, ಕಂಟ್ರೋಲರ್ ಹದಿನೈದರ ಆಸುಪಾಸು, ಕೈ ಸೆಟ್ ಏಳರಿಂದ ಹತ್ತು, ಬ್ಯಾಟರಿ ಎರಡು ಮೂರು ವರ್ಷ. ಒಂದೇ ಸಾಲ ತಗೊಂಡು ಎಲ್ಲಾ ಒಂದೇ ಸಲ ಕೊಂಡ್ರೆ ಎಲ್ಲಾ ಸೆಟ್ ಒಂದೇ ವರ್ಷ ಹಳೇದಾಗುತ್ತೆ, ಆ ವರ್ಷ ದುಡ್ಡು ಇರಲ್ಲ. ಸೆಟ್‌ಗೆ ಅಂತ ಪ್ರತಿ ವರ್ಷ ಸ್ವಲ್ಪ ಎತ್ತಿಡೋ ನಿಧಿ ಈಗಲೇ ಮಾಡಿಸಿ. ಈಗಿನ ಸಿಸ್ಟಮ್ ಅಂದ್ರೆ ಕಂಪ್ಯೂಟರ್‌ಗಳೇ, ಸರ್ವರ್, ಸ್ವಿಚ್, ಫೈರ್‌ವಾಲ್, ಸಾಫ್ಟ್‌ವೇರ್ ಅಪ್‌ಗ್ರೇಡ್ ಒಪ್ಪಂದ ಪ್ರತಿ ವರ್ಷ ಕಟ್ಟಬೇಕು. ಮೊದಲ ವರ್ಷ ವಾರಂಟಿ ಇದ್ದಿದ್ದಕ್ಕೆ ಯಾರಿಗೂ ಗೊತ್ತಾಗಲ್ಲ, ಎರಡನೇ ವರ್ಷ ಬಿಲ್ ಬಂದಾಗ ಇದು ಯಾರ ಬಜೆಟ್ಟು ಅಂತ ಜಗಳ. ಬಿಡ್ ಹೋಲಿಸೋವಾಗ ಖರೀದಿ ಬೆಲೆ ಅಲ್ಲ, 15 ವರ್ಷದ ಒಟ್ಟು ಖರ್ಚು ಹೋಲಿಸಿ, ಆ 15 ವರ್ಷದ ದರಗಳನ್ನ ಟೆಂಡರ್‌ನಲ್ಲೇ ಬರೆಸಿಕೊಳ್ಳಿ. ಸ್ಪರ್ಧೆ ಇರೋದು ಆ ಒಂದು ದಿನ ಮಾತ್ರ, ಸಹಿ ಆದ್ಮೇಲೆ ಅವರು ಹೇಳಿದ್ದೇ ರೇಟು.

ಬಿಡ್ ಬರೆದವ:
ಇದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಸ್ಟ್ಯಾಂಡರ್ಡ್ ವಿಷಯದಲ್ಲೂ ಇದೇ ಸ್ಪರ್ಧೆ ನೋಡಿ. ಉತ್ತರ ಅಮೆರಿಕದಲ್ಲಿ ಪಿ25 (1989ರಲ್ಲಿ ಶುರುವಾದ ಕೆಲಸ ಅದು), ಯುರೋಪು ಮತ್ತೆ ಇನ್ನೂ ಬಹಳ ಕಡೆ ಟೆಟ್ರಾ, ಸಣ್ಣ ಬಜೆಟ್‌ನವರು ಡಿಎಂಆರ್. ಟೆಟ್ರಾ 25 ಕಿಲೋಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಒಂದೇ ಹೊತ್ತಿಗೆ ನಾಲ್ಕು ಮಾತು ಕೂರಿಸುತ್ತೆ, ಡಿಎಂಆರ್, ಪಿ25 ಫೇಸ್ 2 ಎರಡೂ 12.5ರಲ್ಲಿ ಎರಡು, ಪಿ25 ಫೇಸ್ 1 ಒಂದು. ಯಾವುದು ಶ್ರೇಷ್ಠ ಅನ್ನೋ ಚರ್ಚೆಗೆ ಸಮಯ ಕಳೀಬೇಡಿ, ಅಕ್ಕಪಕ್ಕದ ಆಡಳಿತಗಳು ಯಾವುದರಲ್ಲಿವೆ, ನಿಮಗೆ ಯಾವ ಫ್ರೀಕ್ವೆನ್ಸಿ ಸಿಗುತ್ತೆ ಅನ್ನೋದೇ ಮುಕ್ಕಾಲು ತೀರ್ಮಾನ ಮಾಡುತ್ತೆ.

ಆದ್ರೆ ಸ್ಟ್ಯಾಂಡರ್ಡ್ ಅಂತ ಬರೆದ ಮಾತ್ರಕ್ಕೆ ಬೇರೆ ಕಂಪನಿ ಸೆಟ್ ನಡೆಯುತ್ತೆ ಅಂತಲ್ಲ. ಸ್ಟ್ಯಾಂಡರ್ಡ್ ಮೇಲೆ ಪ್ರತಿ ಕಂಪನಿನೂ ತನ್ನದೇ ಸೌಲಭ್ಯ ಹೇರುತ್ತೆ, ಸಿಬ್ಬಂದಿ ಅದಕ್ಕೆ ಒಗ್ಗಿಕೊಂಡ್ರೆ ಆಮೇಲೆ ಬಿಡೋಕಾಗಲ್ಲ. ಬೇರೆ ಬೇರೆ ಕಂಪನಿಯ ಸೆಟ್ ತಂದು ಎಮರ್ಜೆನ್ಸಿ ಬಟನ್, ಎನ್‌ಕ್ರಿಪ್ಷನ್ (ಹೊರಗಿನವರಿಗೆ ಕೇಳದ ಹಾಗೆ ಮಾತಿಗೆ ಹಾಕೋ ಬೀಗ) ಸಮೇತ ನಡೆಸಿ ತೋರಿಸ್ಬೇಕು ಅನ್ನೋದು ಅಕ್ಸೆಪ್ಟೆನ್ಸ್ ಷರತ್ತು ಆಗಿರ್ಲಿ.

ಫ್ರೀಕ್ವೆನ್ಸಿ ಅರ್ಜಿ ಇವತ್ತೇ ಶುರು ಮಾಡಿ. ನಿಯಂತ್ರಕರ ಗಡಿಯಾರ ನಿಮ್ಮ ಬಜೆಟ್ ವರ್ಷಕ್ಕೆ ಕಾಯಲ್ಲ. ಅಮೆರಿಕದಲ್ಲಿ 800 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಮೊಬೈಲ್ ಕಂಪನಿ ಸಿಗ್ನಲ್‌ನಿಂದ ಪೊಲೀಸ್, ಫೈರ್ ರೇಡಿಯೋಗೆ ತೊಂದ್ರೆ ಅಂತ ಚಾನೆಲ್ ಅದಲು ಬದಲು ಮಾಡೋ ಆದೇಶ 2004ರಲ್ಲಿ ಬಂತು, ಮೂರು ವರ್ಷದ ಕೆಲಸ ಅಂದ್ಕೊಂಡಿದ್ದು ಮುಗಿದಿದ್ದು 2021ರಲ್ಲಿ.

ಬೀಗದಕೀ:
ಎನ್‌ಕ್ರಿಪ್ಷನ್ ಅಂತ ಬಂತಲ್ಲ, ಅದನ್ನ ಹಾಗೇ ದಾಟಬೇಡಿ. ಕೆಲವು ಕಂಪನಿ ಉಚಿತ ಅಂತ 40 ಬಿಟ್‌ನ ತಮ್ಮದೇ ಎನ್‌ಕ್ರಿಪ್ಷನ್ ಕೊಡ್ತವೆ, ಅದು ದುರ್ಬಲ, ಮೇಲಾಗಿ ಬೇರೆಯವರ ಸೆಟ್ ಎಷ್ಟೋ ಸಲ ಹೊಂದಲ್ಲ. ಪಿ25 ಆದ್ರೆ ಎಇಎಸ್-256 ಅನ್ನೋ ಎನ್‌ಕ್ರಿಪ್ಷನ್ನೇ ಬೇಕು ಅಂತ ಸ್ಪಷ್ಟವಾಗಿ ಬರೀರಿ. ಟೆಟ್ರಾ ಆದ್ರೆ 2023ರಲ್ಲಿ ಡಚ್ ಸಂಶೋಧಕರು ಹೊರಗೆ ತಂದ ದೋಷಗಳನ್ನ ಓದಿ, ಟಿಇಎ1 ಅನ್ನೋ ಅಲ್ಗಾರಿದಮ್‌ನಲ್ಲಿ 80 ಬಿಟ್ ಕೀ (ಬೀಗ ತೆಗೆಯೋ ಗುಟ್ಟಿನ ಸಂಖ್ಯೆ) ಒಳಗೊಳಗೇ 32 ಬಿಟ್‌ಗೆ ಇಳೀತಿತ್ತು, ಅಷ್ಟನ್ನ ಸಾಮಾನ್ಯ ಕಂಪ್ಯೂಟರ್‌ನಲ್ಲೇ ಒಡೀಬಹುದು.

ಅಲ್ಗಾರಿದಮ್‌ಗಿಂತ ಕಷ್ಟ ಕೀ ನಿರ್ವಹಣೆ. ಯಾರು ಕೀ ಮಾಡ್ತಾರೆ, ಎಷ್ಟು ದಿನಕ್ಕೆ ಬದಲಾಯಿಸ್ತಾರೆ, ಸೆಟ್ ಕಳೆದ್ರೆ ಎಷ್ಟು ಹೊತ್ತಲ್ಲಿ ಬಂದ್ ಮಾಡ್ತಾರೆ. ಗಾಳಿಯಲ್ಲೇ ಕೀ ಬದಲಾಯಿಸೋ ಸೌಲಭ್ಯ ಕೊಳ್ಳದಿದ್ರೆ ಪ್ರತಿ ಸೆಟ್ಟನ್ನೂ ಕೈಗೆ ತಗೊಂಡು ಕೇಬಲ್ ಹಾಕ್ಬೇಕು, ನೂರಾರು ಸೆಟ್ ಇದ್ದಾಗ ಯಾರೂ ಮಾಡಲ್ಲ, ಮೊದಲ ದಿನದ ಕೀ ವರ್ಷಗಟ್ಟಲೆ ಹಾಗೇ ಇರುತ್ತೆ. ಮತ್ತೆ ಎಲ್ಲಾ ಗ್ರೂಪ್‌ಗೂ ಎನ್‌ಕ್ರಿಪ್ಷನ್ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪೊಲೀಸ್ ತನಿಖೆ ಗ್ರೂಪ್ ಮುಚ್ಚಿ. ಫೈರ್ ಜಾಗದ ನೇರ ಚಾನೆಲ್, ಪರಸ್ಪರ ಸಹಾಯದ ಚಾನೆಲ್ ತೆರೆದಿಡಿ. ನೆರವಿಗೆ ಬಂದವನ ಸೆಟ್‌ನಲ್ಲಿ ಕೀ ಇಲ್ದೆ ಅವನು ಕಿವುಡನಾಗಿ ನಿಂತ್ಕೋಬಾರದು.

ಏಣಿಗಾಡಿ:
ಬೀಗದಕೀ ಅವರೇ, ಕೊನೇ ಮಾತಿಗೆ ಕೈಮುಗಿದೆ.

ಹೊಸಹೊಣೆ:
ಇಷ್ಟೆಲ್ಲಾ ಓದಿದ್ಮೇಲೆ ನಂಗೆ ಅನ್ನಿಸ್ತಿರೋದು ತಾಂತ್ರಿಕ ಭಾಗ ಕಲೀಬಹುದು, ಆದ್ರೆ ಪೊಲೀಸ್‌ನವರಿಗೆ ಒಂದು ಬೇಕು, ಫೈರ್‌ನವರಿಗೆ ಇನ್ನೊಂದು, ಐಟಿಯವರು ನಮ್ಮ ನೆಟ್‌ವರ್ಕ್ ಮೇಲೇ ಹಾಕಿ ಅಂತಾರೆ. ಯಾರ ಮಾತು ನಡೀಬೇಕು? ಮತ್ತೆ ಹಳೇದರಿಂದ ಹೊಸದಕ್ಕೆ ದಾಟೋ ದಿನ ಹೇಗೆ?

ಟವರ್ ಕೆಲಸದವ:
ಅಮೆರಿಕದ ಸೇಫ್‌ಕಾಮ್ ಅನ್ನೋ ಕಾರ್ಯಕ್ರಮದವರು ಪರಸ್ಪರ ಮಾತಾಡೋ ಸಾಮರ್ಥ್ಯಕ್ಕೆ ಐದು ಭಾಗ ಅಂತ ಒಂದು ಚಾರ್ಟ್ ಮಾಡಿದಾರೆ, ಆಡಳಿತ ವ್ಯವಸ್ಥೆ, ಕಾರ್ಯವಿಧಾನ, ತಂತ್ರಜ್ಞಾನ, ತರಬೇತಿ ಮತ್ತು ಅಣಕು ಕಾರ್ಯಾಚರಣೆ, ದಿನನಿತ್ಯದ ಬಳಕೆ. ತಂತ್ರಜ್ಞಾನ ಐದರಲ್ಲಿ ಒಂದು ಅಷ್ಟೇ, ದುಡ್ಡು ಮಾತ್ರ ಬಹುಪಾಲು ಅದಕ್ಕೇ ಹೋಗುತ್ತೆ. ಮೂರೂ ಸೇವೆ, ಕಂಟ್ರೋಲ್ ರೂಮ್, ಹಣಕಾಸು ಎಲ್ಲರಿಗೂ ಮತ ಇರೋ ಒಂದು ಸಮಿತಿ ಲಿಖಿತ ಆದೇಶದಿಂದ ಮಾಡಿಸಿ, ಟೆಂಡರ್‌ಗೆ ಮುಂಚೆ. ಅಧಿಕಾರಿಗಳ ಜೊತೆ ಸೆಟ್ ಹಿಡಿದು ಕೆಲಸ ಮಾಡೋ ಒಬ್ಬೊಬ್ಬರು ಬೇಕೇ ಬೇಕು. ಆ ಸಮಿತಿ ಪ್ರಾಜೆಕ್ಟ್ ಮುಗಿದ್ಮೇಲೂ ಇರ್ಬೇಕು, ಯಾಕಂದ್ರೆ ಹೊಸ ಗ್ರೂಪ್ ಬೇಕು, ಹೊಸ ವಿಭಾಗ ಸೇರ್ಕೋಬೇಕು ಅನ್ನೋ ಪ್ರಶ್ನೆ ಪ್ರತಿ ತಿಂಗಳೂ ಬರುತ್ತೆ.

ಐಟಿ ನೆಟ್‌ವರ್ಕ್ ಮೇಲೆ ಹಾಕೋದು, ಬೇಡ ಅಂತೀನಿ. ಟವರ್‌ಗಳ ನಡುವಿನ ಲಿಂಕ್ ಸ್ವಂತ ಮೈಕ್ರೋವೇವ್ ಅಥವಾ ಫೈಬರ್‌ನಲ್ಲಿ ರಿಂಗ್ ಆಗಿರ್ಲಿ, ಒಂದು ಕಡೆ ಕಡಿದ್ರೆ ಇನ್ನೊಂದು ಕಡೆಯಿಂದ ಹೋಗ್ಬೇಕು. ಸಿಮಲ್ಕಾಸ್ಟ್ ಇದ್ರೆ ಎಲ್ಲಾ ಟವರ್ ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಗಳಿಗೆಗೆ ಹೊರಡಿಸ್ಬೇಕು, ಜಿಪಿಎಸ್ ಗಡಿಯಾರ ಹಿಡಿದು ಮೈಕ್ರೋಸೆಕೆಂಡ್ ಲೆಕ್ಕದಲ್ಲಿ. ಎರಡು ಟವರ್ ಸಿಗ್ನಲ್ ಸಮ ಬಲದಲ್ಲಿ ಸೇರೋ ಜಾಗದಲ್ಲಿ ಸಮಯ ತಪ್ಪಿದ್ರೆ ಸೆಟ್‌ನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ತೋರಿಸುತ್ತೆ, ಮಾತು ಮಾತ್ರ ಒಡೆದು ಬರುತ್ತೆ. ಕಚೇರಿ ನೆಟ್‌ವರ್ಕ್‌ನಲ್ಲಿ ಯಾರೋ ಭಾನುವಾರ ಸ್ವಿಚ್ ಅಪ್‌ಡೇಟ್ ಮಾಡಿದ್ರೆ ಫೈರ್ ರೇಡಿಯೋ ಹಾಗಾಗಬಾರದು.

ರಾತ್ರಿಪಾಳಿ ಕನ್ಸೋಲ್:
ದಾಟೋ ದಿನದ ಬಗ್ಗೆ ನಾನು ಹೇಳ್ತೀನಿ. ಒಂದೇ ರಾತ್ರಿಗೆ ಎಲ್ಲಾ ಬದಲಾಯಿಸಬೇಡಿ. ಮೊದಲು ರಸ್ತೆ, ನೀರು ವಿಭಾಗದವರು ಹೊಸದಕ್ಕೆ ಬರ್ಲಿ, ಅಲ್ಲಿ ಏನು ಕಾಣುತ್ತೋ ಸರಿ ಮಾಡಿ, ಆಮೇಲೆ ಪೊಲೀಸ್, ಕೊನೆಗೆ ಫೈರ್. ಅಷ್ಟೂ ದಿನ ಹಳೇ ಚಾನೆಲ್ ಮತ್ತು ಹೊಸ ಗ್ರೂಪ್ ಕನ್ಸೋಲ್‌ನಲ್ಲಿ ಪ್ಯಾಚ್ ಆಗಿರ್ಬೇಕು, ಒಬ್ರು ಹಳೇ ಸೆಟ್‌ನಲ್ಲಿದ್ರೂ ಇನ್ನೊಬ್ರಿಗೆ ಕೇಳ್ಸೋ ಹಾಗೆ. ತರಬೇತಿ ಆಗಿ ತಿಂಗಳುಗಟ್ಟಲೆ ಬಿಟ್ಟು ಸೆಟ್ ಕೊಟ್ರೆ ಎಲ್ಲಾ ಮರ್ತಿರ್ತಾರೆ, ಎರಡೂ ಹತ್ತಿರ ಹತ್ತಿರ ಇಡಿ. ಹಳೇ ರಿಪೀಟರ್ ಕೂಡ್ಲೇ ಕಳಚೋಕೆ ಬಿಡಬೇಡಿ. ಹೊಸದು ಕೈಕೊಟ್ಟ ದಿನ ಎಲ್ರೂ ಎಲ್ಲಿಗೆ ಹೋಗ್ಬೇಕು ಅನ್ನೋದನ್ನ ಸೆಟ್ ಆರಿಸಿ ಅಣಕು ಮಾಡಿ, ರಾತ್ರಿ ಪಾಳಿಯಲ್ಲೂ ಮಾಡಿ.

ಹೊಸಹೊಣೆ:
ಕೊನೇ ಪ್ರಶ್ನೆ. ಅಕ್ಸೆಪ್ಟೆನ್ಸ್ ಟೆಸ್ಟ್ ಕಂಪನಿಯವರೇ ಮಾಡಿ ರಿಪೋರ್ಟ್ ಕೊಡ್ತೀವಿ ಅಂತಿದಾರೆ. ಪೇಮೆಂಟ್ ಬಹುತೇಕ ಸಾಮಾನು ಇಳಿಸಿದಾಗಲೇ ಅಂತಿದೆ ಅವರ ಕರಡಿನಲ್ಲಿ.

ಬಿಡ್ ಬರೆದವ:
ಎರಡನ್ನೂ ಒಪ್ಪಬೇಡಿ ಮೇಡಂ. ಇಡೀ ಪ್ರದೇಶವನ್ನ ಚೌಕಗಳಾಗಿ ಹಂಚಿ, ಪ್ರತಿ ಚೌಕದಲ್ಲೂ ಯಂತ್ರದಿಂದ ಸಿಗ್ನಲ್ ಮತ್ತು ಬಿಟ್ ತಪ್ಪಿನ ಪ್ರಮಾಣ ಅಳೀಬೇಕು, ಅದರ ಜೊತೆ ಆಯ್ದ ಚೌಕಗಳಲ್ಲಿ ನಿಮ್ಮ ಸಿಬ್ಬಂದಿನೇ ಮಾತಾಡಿ ಡಿಎಕ್ಯೂ ಅಂಕ ಕೊಡ್ಬೇಕು, ಕಂಪನಿಯವರೊಬ್ಬರು, ನಿಮ್ಮವರೊಬ್ಬರು ಒಂದೇ ಗಾಡೀಲಿ. ಯಾವ ಕಟ್ಟಡಗಳು ಅಂತ ಫೈರ್‌ನವರು ಪಟ್ಟಿ ಕೊಡ್ಲಿ. ಮರಗಳು ಎಲೆ ತುಂಬ್ಕೊಂಡಿರೋ ಕಾಲದಲ್ಲೇ ಟೆಸ್ಟ್ ಆಗ್ಲಿ, ಬೋಳು ಮರದ ಕಾಲದಲ್ಲಿ ಪಾಸಾಗಿದ್ದು ಎಲೆ ಬಂದಾಗ ಫೇಲ್ ಆಗುತ್ತೆ. ಆಮೇಲೆ ಕನಿಷ್ಠ ಒಂದು ತಿಂಗಳು ದೊಡ್ಡ ದೋಷ ಇಲ್ದೆ ಓಡ್ಬೇಕು, ದೋಷ ಬಂದ್ರೆ ಎಣಿಕೆ ಮತ್ತೆ ಮೊದಲಿಂದ.

ದುಡ್ಡನ್ನ ಹಂತಕ್ಕೆ ಕಟ್ಟಿ: ವಿನ್ಯಾಸ ಒಪ್ಪಿಗೆ, ಫ್ಯಾಕ್ಟರಿ ಟೆಸ್ಟ್, ಅಳವಡಿಕೆ, ಕವರೇಜ್ ಪಾಸ್, ಅಂತಿಮ ಒಪ್ಪಿಗೆ. ಕೊನೇ ಎರಡು ಹಂತದಲ್ಲಿ ಅವರಿಗೆ ನೋವಾಗುವಷ್ಟು ಮೊತ್ತ ಉಳಿದಿರ್ಬೇಕು. ಕವರೇಜ್ ಫೇಲಾದ್ರೆ ಹೆಚ್ಚುವರಿ ಟವರ್ ಅವರ ಖರ್ಚಲ್ಲಿ, ಜಾಗ, ಅನುಮತಿ ಸಮೇತ. ಈ ಸಾಲು ಕರಡಿನಲ್ಲಿ ಹಾಕಿ ವಾಪಸ್ ಕಳಿಸಿ, ಮ್ಯಾಪ್‌ನಲ್ಲಿ ಹಸಿರು ಎಷ್ಟು ಉಳಿಯುತ್ತೆ ಅಂತ ಮುಂದಿನ ಸಭೆಯಲ್ಲೇ ಗೊತ್ತಾಗುತ್ತೆ. ಅವರು ಏನು ಉತ್ತರ ಕೊಟ್ರು ಅಂತ ಇಲ್ಲೇ ಹಾಕಿ, ನೋಡೋಣ.